ವೊಯ್ಲಿಯನ್ನು ಕೊಂದವರಾರು?

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಆಗ್ನೇಯಕ್ಕೆ ಸುಮಾರು 160 ಕಿ.ಮೀ. ಸಾಗಿದರೆ ಡ್ರೈಆಂಡ್ರಾ ಕಾಡು. ಸುತ್ತ ಗೋಧಿ ಹೊಲ, ಕುರಿ ಮೇಯುವ ಬಯಲು. ನಡುವೆ ದ್ವೀಪಗಳಂತೆ ಉಳಿದಿರುವ ವಾಂಡೂ ಮರಗಳು. ಇವು ನಮ್ಮಲ್ಲಿ ನೆಟ್ಟ ನೀಲಗಿರಿಯ ಬಳಗದವೇ. ಹಗಲು ಹೋದವರಿಗೆ ವೊಯ್ಲಿ ಕಾಣಸಿಗದು. ಅದು ಹುಲ್ಲಿನ ಗೂಡಿನಲ್ಲಿ ಮಲಗಿರುತ್ತದೆ.

ಕಾಂಗರೂವಿನ ಈ ಪುಟ್ಟ ನೆಂಟನ ತೂಕ ಒಂದೂಕಾಲು ಕೆ.ಜಿ. ಆಸುಪಾಸು. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುತ್ತದೆ, ಗೂಡಿನ ಹುಲ್ಲನ್ನು ಬಾಲದಲ್ಲಿ ಸುತ್ತಿ ಹೊರುತ್ತದೆ, ರಾತ್ರಿ ನೆಲ ಕೆದಕಿ ಮಣ್ಣೊಳಗಿನ ಅಣಬೆ ತಿನ್ನುತ್ತದೆ.

ಯೂರೋಪಿನವರು ಬೇಟೆಯ ಮೋಜಿಗೆ ತಂದು ಬಿಟ್ಟ ಕೆಂಪು ನರಿ ಇದರ ಸಂತತಿಯನ್ನೇ ಅಳಿಸುವುದರಲ್ಲಿತ್ತು. ನರಿಗೆ '1080' ಎಂಬ ವಿಷ ಬೆರೆಸಿದ ಮಾಂಸ ಇಡಲಾಯಿತು. ಸ್ವಾರಸ್ಯ ನೋಡಿ: ಅದೇ ವಿಷ ಅಲ್ಲಿನ ಕೆಲವು ಕಾಡುಗಿಡಗಳಲ್ಲೂ ಉಂಟು, ಆದ್ದರಿಂದ ಸ್ಥಳೀಯ ಪ್ರಾಣಿಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ವೊಯ್ಲಿ ಹೆಚ್ಚಿತು. 1996ರಲ್ಲಿ ಅಪಾಯದ ಪಟ್ಟಿಯಿಂದ ಹೆಸರೂ ಹೋಯಿತು. ಆದರೆ ಕೆಲವೇ ವರ್ಷಗಳಲ್ಲಿ, ವಿಷ ಇಡುವುದು ನಿಲ್ಲದಿದ್ದರೂ, ಸಂಖ್ಯೆ ಮತ್ತೆ ಕುಸಿಯಿತು.

ಕೊಲ್ಲುತ್ತಿರುವವರು ಯಾರು? ವೊಯ್ಲಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದರು. ಪ್ರಾಣಿ ಗಂಟೆಗಟ್ಟಲೆ ಅಲುಗದಿದ್ದರೆ ಪಟ್ಟಿಯ 'ಟಿಕ್ ಟಿಕ್' ಲಯ ಬದಲಾಗುತ್ತದೆ. ಆಂಟೆನಾ ಹಿಡಿದು ಹೋದವರಿಗೆ ಕೆಲವೊಮ್ಮೆ ಸಿಗುವುದು ಪಟ್ಟಿ, ಒಂದು ಹಿಡಿ ಕೂದಲು, ಅಷ್ಟೇ. ಅರ್ಧ ಹೂತಿಟ್ಟ ದೇಹ ಕಂಡರೆ ನರಿಯ ಮೇಲೆ ಗುಮಾನಿ. ತುಪ್ಪಳ ಕಿತ್ತು ಹರಡಿದ್ದರೆ ಹದ್ದಿನ ಮೇಲೆ.

ಇಲ್ಲೊಂದು ತೊಡಕಿದೆ. ತಿಂದವನೇ ಕೊಂದವನಾಗಬೇಕಿಲ್ಲ, ಸತ್ತು ಬಿದ್ದದ್ದನ್ನು ನರಿಯೂ ಮೂಸುತ್ತದೆ, ಹದ್ದೂ ಕುಕ್ಕುತ್ತದೆ. ಆದ್ದರಿಂದ ಚರ್ಮ ಸುಲಿದು ಒಳಭಾಗ ನೋಡುತ್ತಾರೆ. ಹಲ್ಲು ನಾಟಿದ ಜಾಗದಲ್ಲಿ ರಕ್ತ ಹರಡಿ ಹೆಪ್ಪುಗಟ್ಟಿದ್ದರೆ, ಕಚ್ಚಿದಾಗ ಹೃದಯ ಬಡಿಯುತ್ತಿತ್ತು ಎಂದರ್ಥ. ಸತ್ತ ಮೇಲಿನ ಗಾಯದಲ್ಲಿ ಹಾಗಾಗದು. ಅದೇ ಗಾಯವನ್ನೂ ಕೊರಳಪಟ್ಟಿಯನ್ನೂ ಹತ್ತಿಯಿಂದ ಒರೆಸಿ, ಅಂಟಿದ ಜೊಲ್ಲಿನ ಡಿ.ಎನ್.ಎ. ಪರೀಕ್ಷಿಸುತ್ತಾರೆ.

ಸಿಕ್ಕಿಬಿದ್ದದ್ದು ಬೆಕ್ಕು! ಮನೆಯಲ್ಲಿ ಹಾಲು ಕುಡಿಯುವ ಬೆಕ್ಕಿನ ಜಾತಿಯೇ, ಕಾಡು ಸೇರಿದ್ದು. ಡ್ರೈಆಂಡ್ರಾ ಮತ್ತು ಹತ್ತಿರದ ಇನ್ನೊಂದು ಕಾಡಿನಲ್ಲಿ ಪರೀಕ್ಷಿಸಿದ ಸಾವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಅದರ ಕೆಲಸ. ನರಿಯದು ಐದನೇ ಒಂದು ಭಾಗ. ನರಿ ಕಡಿಮೆಯಾದಂತೆ ಬೆಕ್ಕು ಹೆಚ್ಚಿತ್ತು. ಅದಕ್ಕೆ ಜೀವಂತ ಬೇಟೆಯೇ ಇಷ್ಟ. ನೆಲದ ಮೇಲಿಟ್ಟ ಒಣ ಮಾಂಸಕ್ಕೆ ಸುಲಭವಾಗಿ ಬಾಯಿ ಹಾಕದು. ಬೆಕ್ಕಿಗಾಗಿಯೇ ಬೇರೆ ಬಗೆಯ ಮೆದು ಸಾಸೇಜ್ ತಯಾರಿಸಬೇಕಾಯಿತು. ಇಲಿ, ಮೊಲ ಹೇರಳವಾಗಿದ್ದರೆ ಅದನ್ನೂ ಮುಟ್ಟುವುದಿಲ್ಲ.

ಡ್ರೈಆಂಡ್ರಾ 2022ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಬಾರ್ನಾ ಮಿಯಾದಲ್ಲಿ ಕತ್ತಲಾದ ಮೇಲೆ ಕೆಂಪು ಟಾರ್ಚಿನ ಬೆಳಕಿನಲ್ಲಿ ವೊಯ್ಲಿಗಳನ್ನು ತೋರಿಸುತ್ತಾರೆ, ಬೆಕ್ಕು ನುಸುಳದ ಬೇಲಿಯೊಳಗೆ.