ಎದೆಹಾಲಿಗೆ ಒಂದು ದಿನದ ಬಿಡುವು

ಬಾಣಂತಿಯ ಪಥ್ಯಪಾನಗಳಲ್ಲಿ ನಮ್ಮ ಮನೆಗಳ ಹಿರಿಯರಿಗೆ ತಿಳಿಯದ ಸಂಗತಿಯಿಲ್ಲ. ಆದರೆ ಆಸ್ಪತ್ರೆಯ ಹೊಸ ಪರೀಕ್ಷೆಗಳ ಮುಂದೆ ಆ ಅನುಭವವೂ ಮೂಕವಾಗುತ್ತದೆ. ಇದು ನಮಗೆ ಮನದಟ್ಟಾದುದು ಕಳೆದ ವರ್ಷ, ನಮ್ಮ ತಮ್ಮನ ಸೊಸೆಯ ನಿಮಿತ್ತ.

ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಎದೆಬಡಿತ, ಕೈನಡುಕ ಕಾಣಿಸಿಕೊಂಡು ಹುಡುಗಿ ಸೊರಗತೊಡಗಿದಳು. ರಕ್ತಪರೀಕ್ಷೆಯಿಂದ ಕಾರಣ ಸ್ಪಷ್ಟವಾಗದಿರಲು, ಥೈರಾಯ್ಡ್ ಗ್ರಂಥಿಯ ಸ್ಕ್ಯಾನ್ ಆಗಬೇಕೆಂದು ವೈದ್ಯರು ಬರೆದುಕೊಟ್ಟರು. ಕಾಸರಗೋಡಿನ ನಮ್ಮ ಭಾಗದವರು ಇಂತಹ ಕೆಲಸಕ್ಕೆ ಮಂಗಳೂರಿಗೇ ಹೋಗುವ ರೂಢಿ. ವಿಕಿರಣ ಸೂಸುವ ಔಷಧವನ್ನು ರಕ್ತನಾಳಕ್ಕೆ ಚುಚ್ಚುವರೆಂದು ತಿಳಿದೊಡನೆ ಮನೆಯಲ್ಲಿ ಎರಡು ಪಕ್ಷಗಳಾದವು. “ಇನ್ನು ಮೊಲೆ ಬಿಡಿಸಿ, ಡಬ್ಬಿಯ ಹಾಲು ತರಿಸಿ” ಎಂದರು ಅತ್ತೆ. “ಸ್ಕ್ಯಾನೇ ಬೇಡ” ಎಂದಳು ಸೊಸೆ. ಎರಡೂ ಭಯದ ಮಾತುಗಳೇ. ಒಂದರಿಂದ ಮಗುವಿಗೆ ನಷ್ಟ, ಇನ್ನೊಂದರಿಂದ ತಾಯಿಗೆ.

ಆ ವಿಭಾಗದ ವೈದ್ಯರು ತಾಳ್ಮೆಯಿಂದ ವಿವರಿಸಿದರು. ಚುಚ್ಚುವ ವಸ್ತು ಟೆಕ್ನೀಷಿಯಂ-99ಎಂ. ಅದರ ಅರ್ಧಾಯು 6 ಗಂಟೆ. ಅಂದರೆ 6 ಗಂಟೆಗೆ ಅರ್ಧ, 12ಕ್ಕೆ ಕಾಲು, 24ಕ್ಕೆ ಹದಿನಾರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಮೂತ್ರದ ಮೂಲಕವೂ ಕೊಂಚ ಹೊರಹೋಗುತ್ತದೆ. ಭಿನ್ನರಾಶಿ ಕಲಿಸುತ್ತಲೇ ಕೂದಲು ನೆರೆತ ನಮಗೆ ಈ ಲೆಕ್ಕ ಹೊಸದೆನಿಸಲಿಲ್ಲ. ಅವರು ವಿಧಿಸಿದ ಬಿಡುವು 24 ಗಂಟೆ. ಮುಂಚಿತವಾಗಿ ಹಾಲನ್ನು ಹಿಂಡಿ ಫ್ರಿಜ್ಜಿನಲ್ಲಿರಿಸಿದ್ದೆವು. ಅಜ್ಜಿ ಅದನ್ನು ಒಳಲೆಯಲ್ಲಿ ಕುಡಿಸಿದರು. ಹಾಲು ಬತ್ತದಿರಲೆಂದು ತಾಯಿ ಹೊತ್ತುಹೊತ್ತಿಗೆ ಹಿಂಡಿ ಚೆಲ್ಲಿದಳು. ಮರುದಿನ ಮಗು ಮತ್ತೆ ಎದೆಗೆ ಬಂತು. ಹೆರಿಗೆಯ ಬಳಿಕ ಕೆಲವರಿಗೆ ಬರುವ ಗ್ರಂಥಿಯ ಉರಿಯೂತವಿದೆಂದೂ, ಹೆಚ್ಚಿನವರಲ್ಲಿ ತಾನಾಗಿ ಇಳಿಯುವುದೆಂದೂ ಸ್ಕ್ಯಾನ್ ನೋಡಿ ವೈದ್ಯರು ತಿಳಿಸಿದರು.

ಎಲ್ಲ ಪರೀಕ್ಷೆಗೂ ಒಂದೇ ನಿಯಮವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಟೆಕ್ನೀಷಿಯಂ ಬಳಸಿದಲ್ಲಿಯೂ ಔಷಧದ ಬಗೆಯನ್ನೂ ಪ್ರಮಾಣವನ್ನೂ ನೋಡಿ ಬಿಡುವು ಹೆಚ್ಚುಕಡಿಮೆಯಾಗುತ್ತದೆ. ಅಯೋಡಿನ್-131ರ ಮಾತು ಬೇರೆ. ಅದರ ಅರ್ಧಾಯು 8 ದಿನ. ಅದನ್ನು ಕೊಟ್ಟ ಮೇಲೆ ಆ ಮಗುವಿಗೆ ಮತ್ತೆ ಮೊಲೆಯೂಡಿಸಲಾಗದು, ಮುಂದಿನ ಮಗುವಿಗೆ ಅಡ್ಡಿಯಿಲ್ಲ. ಇನ್ನು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳಿಂದ ಹಾಲಿನಲ್ಲಿ ವಿಕಿರಣವೇನೂ ಉಳಿಯುವುದಿಲ್ಲ. ಹಾಲು ನಿಲ್ಲಿಸುವ ಕಾರಣವೇ ಇಲ್ಲ.

ಆದುದರಿಂದ ಹಾಲೂಡುವ ತಾಯಿ ತಾನು ಹಾಲೂಡುತ್ತಿರುವುದನ್ನು ಸೂಜಿ ಚುಚ್ಚುವ ಮೊದಲೇ ತಿಳಿಸಬೇಕು. ಪರೀಕ್ಷೆಯನ್ನು ಮುಂದೂಡಬಹುದೇ, ಔಷಧದ ಹೆಸರೇನು, ಬಿಡುವು ಎಷ್ಟು ಗಂಟೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಉತ್ತರವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಆ ದಿನ ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳುವ ಅಜ್ಜಿಗೆ ಓದಲು ಬರುವುದು ಕನ್ನಡವೊಂದೇ.