ಕೋಣ ಓಡಿಸಿದವರು

ಬೆಳ್ತಂಗಡಿ ಕಡೆಯ ವೇಣೂರು ಪೆರ್ಮುಡದ ಕಂಬಳಕ್ಕೆ ಮಾವನ ಜೊತೆ ಹೋದದ್ದು 2020ರಲ್ಲಿ, ಕೊರೋನ ನಮ್ಮೆಲ್ಲರ ಬಾಗಿಲು ಹಾಕಿಸುವುದಕ್ಕೆ ಸ್ವಲ್ಪ ಮೊದಲು. ಮಾವ ಎಂದರೆ ನನಗೊಬ್ಬನಿಗಲ್ಲ, ಊರಿಗೇ ಮಾವ. ಪ್ರಾಯದಲ್ಲಿ ಕಂಬಳದ ಹಗ್ಗದ ವಿಭಾಗದಲ್ಲಿ ಕೋಣ ಓಡಿಸುತ್ತಿದ್ದವರು, ಮೊಣಕಾಲು ಕೈಕೊಟ್ಟ ಮೇಲೆ ಬಾರುಕೋಲು ಕೆಳಗಿಟ್ಟು ಅಡಿಕೆ ಸುಲಿಯಲು ಕೂತವರು. ಅವತ್ತು ಬಿಸಿಲು ಬೆನ್ನು ಸುಡುತ್ತಿತ್ತು. ಹೋದ ಕೂಡಲೇ ಚರುಮುರಿ ತಿಂದೆವು. ಗೋಳಿಬಜೆಯೂ ಇತ್ತೋ ಏನೋ, ಮರೆತಿದೆ. ಮಾವ ಖಾರ ಜಾಸ್ತಿ ಹಾಕಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತಾ ಕೋಣ ಓಡುವ ಕೆಸರಿನ ಕರೆಯ ಬದಿಗೆ ನಡೆದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆಗ ಎಲ್ಲರ ಬಾಯಲ್ಲೂ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರದ್ದೇ ಮಾತು. ಗುಣಪಾಲ ಕಡಂಬರ ಕಂಬಳ ಅಕಾಡೆಮಿಯಲ್ಲಿ ಕಲಿತವರು, ಕಟ್ಟಡ ಕೆಲಸ ಮಾಡುತ್ತಿದ್ದವರು. ಅದೇ ತಿಂಗಳು ಐಕಳದಲ್ಲಿ 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ದಾಟಿದ್ದರು. ಲೆಕ್ಕ ಹಾಕಿದವರು 100 ಮೀಟರಿಗೆ 9.55 ಅಂದರು, ಉಸೇನ್ ಬೋಲ್ಟರ 9.58ರ ಪಕ್ಕ ಇಟ್ಟರು. ದಿಲ್ಲಿಯ ಕ್ರೀಡಾ ಮಂತ್ರಿಗಳು ಟ್ರಯಲ್ಸಿಗೆ ಕರೆದರೂ ಗೌಡರು ಹೋಗಲಿಲ್ಲ.

"ಸರಿಯೇ ಮಾಡಿದ್ದಾನೆ" ಅಂದರು ಮಾವ. "ಅಲ್ಲಿ ಕೆಸರಿಲ್ಲ, ಕೋಣ ಇಲ್ಲ. ಹಗ್ಗ ಹಿಡಿದ ಮೇಲೆ ವೇಗ ಕೋಣದ್ದು ಮಾರಾಯ. ಬೀಳದೆ ಕರೆಯ ಕೊನೆಯ ಮಂಜೊಟ್ಟಿ ಮುಟ್ಟುವುದು ನಮ್ಮ ವಿದ್ಯೆ."

ಅಲ್ಲಿಂದ ಮಾತು ಬಂಟ್ವಾಳದ ಹೊಕ್ಕಾಡಿಗೋಳಿಗೆ ಹೋಯಿತು. ಮಾವ ಒಮ್ಮೆ ಅಲ್ಲಿ ಗೆದ್ದಿದ್ದರಂತೆ. ಮೈಕಿನಲ್ಲಿ ಕೂಗಿದ್ದು ಕೋಣದ ಯಜಮಾನರ ಮನೆಯ ಹೆಸರು, ಚಿನ್ನದ ಪವನು ಹೋದದ್ದೂ ಆ ಮನೆಗೇ. ಅದಕ್ಕೆ ಬೇಸರವಿಲ್ಲ ಮಾವನಿಗೆ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಕೋಣ ಸಾಕಿದವರು ಯಜಮಾನರಲ್ಲವೇ? ಆ ಮನೆಯಾಕೆ ಬಡಿಸಿದ ಕೋಳಿ ರೊಟ್ಟಿಯ ವರ್ಣನೆಯೇ ಹತ್ತು ನಿಮಿಷ ನಡೆಯಿತು. ರೊಟ್ಟಿ ಸಾರಿನಲ್ಲಿ ಪೂರ್ತಿ ನೆನೆಯಬಾರದು, ಅಂಚು ಗರಿಗರಿ ಇರಬೇಕು ಎಂಬುದು ಅವರ ಹಟ.

ಆ ವೇಣೂರು ಕಂಬಳದಲ್ಲೇ ಬಜಗೋಳಿ ಜೋಗಿಬೆಟ್ಟಿನ ನಿಶಾಂತ ಶೆಟ್ಟರ ಓಟ ಬಂತು. 100 ಮೀಟರಿನ ಲೆಕ್ಕ 9.51ಕ್ಕೆ ಇಳಿಯಿತು. ಓಟ ಶುರುವಾಗುವ ಗಂತಿನಿಂದ ಕೋಣ ಬಿಟ್ಟದ್ದು, ಮುಖಕ್ಕೆ ಕೆಸರು ನೀರು ರಾಚಿದ್ದು, ಜನರ ಬೊಬ್ಬೆ, ಇಷ್ಟೇ ನನಗೆ ಉಳಿದದ್ದು. ಯಾವ ಓಟ ಯಾರದ್ದು ಎಂದು ಬಿಡಿಸಿ ಹೇಳಲಾರೆ.

ಕೋಣ ಓಡಿಸುವ ಈ ಮನುಷ್ಯರು ನೆನಪಿನಲ್ಲಿ ಉಳಿಯಬೇಕೆಂದು ನನ್ನ ಆಸೆ. ಈಗ ಫಲಿತಾಂಶದಲ್ಲಿ ಯಜಮಾನರ ಹೆಸರಿನ ಜೊತೆ "ಓಡಿಸಿದವರು" ಎಂದು ಇನ್ನೊಂದು ಹೆಸರೂ ಅಚ್ಚಾಗುತ್ತದೆ. ಪೇಪರು ಬಂದರೆ ಮಾವ ಮೊದಲು ಅದನ್ನೇ ಜೋರಾಗಿ ಓದುತ್ತಾರೆ, ಆಮೇಲೆ "ಯಾರ ಮಗನಂತೆ ಇವ?" ಎಂದು ಮನೆಯವರನ್ನೆಲ್ಲ ಕೇಳುತ್ತಾರೆ.