ಬರ್ಲಿನ್ ನೆಲಮಾಳಿಗೆಯ ರಾತ್ರಿಗಳು

ಪರದೇಶದ ನಗರಗಳನ್ನು ಕುರಿತು ಬರೆಯುವವರು ಅರಮನೆ, ವಸ್ತುಸಂಗ್ರಹಾಲಯ, ಇಗರ್ಜಿ, ನದಿಯ ಸೇತುವೆ ಇವುಗಳಿಂದ ಆರಂಭಿಸುವುದು ವಾಡಿಕೆ. ಬರ್ಲಿನ್ನಿನಲ್ಲಿ ಇವು ಯಾವುದಕ್ಕೂ ಕೊರತೆಯಿಲ್ಲ. ಆದರೆ ಶುಕ್ರವಾರ ಸಂಜೆ ಆ ನಗರಕ್ಕೆ ಬಂದಿಳಿಯುವ ತರುಣ ತರುಣಿಯರಲ್ಲಿ ಅನೇಕರು ಅವುಗಳಿಗಾಗಿ ಬಂದವರಲ್ಲ. ಅವರು ಹುಡುಕುವುದು ಹೆಸರಿನ ಹಲಗೆಯೂ ಇಲ್ಲದ ಬಾಗಿಲುಗಳನ್ನು. ಆ ಬಾಗಿಲುಗಳ ಹಿಂದೆ ರಾತ್ರಿಯಿಡೀ ನಡೆಯುವ ಟೆಕ್ನೋ ಎಂಬ ಸಂಗೀತವನ್ನು. ಮುಂಬಯಿ, ಪುಣೆ, ಹೈದರಾಬಾದುಗಳ ನಮ್ಮ ಮನೆಗಳ ಮಕ್ಕಳೂ ಓದಿಗೆಂದೋ ಉದ್ಯೋಗಕ್ಕೆಂದೋ ಈಗ ಅತ್ತ ಹೋಗುತ್ತಿದ್ದಾರೆ. ಶನಿವಾರ ರಾತ್ರಿ ನೆಲಮಾಳಿಗೆಗೆ ಹೋದವರು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮನೆ ಸೇರಿದರೆಂದು ಕೇಳಿದರೆ ಇತ್ತ ತಾಯಿತಂದೆಯರ ಎದೆ ಡವಗುಟ್ಟುವುದು ಸಹಜವೇ. ಅಲ್ಲಿ ಏನು ನಡೆಯುತ್ತದೆಂಬುದನ್ನು ಕಣ್ಣಾರೆ ಕಾಣೋಣವೆಂದು ನಾವು ದಂಪತಿಗಳು ಪ್ರವಾಸದ ಎರಡು ರಾತ್ರಿಗಳನ್ನು ಅದಕ್ಕೇ ಮೀಸಲಿಟ್ಟೆವು.

ಈ ಸಂಗೀತದ ತವರು ಬರ್ಲಿನ್ನಲ್ಲ. ಅಮೆರಿಕದ ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟಿನ ಬಳಿ, ೧೯೮೦ರ ದಶಕದಲ್ಲಿ, ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕರಿಯ ಜನಾಂಗದ ಗೆಳೆಯರು ವಿದ್ಯುತ್ ವಾದ್ಯಗಳಿಂದ ಇದನ್ನು ರೂಪಿಸಿದರು. ಹಾಡುಗಾರನಿಲ್ಲ, ಕಥೆಯಿಲ್ಲ. ಯಂತ್ರ ಹುಟ್ಟಿಸಿದ ತಾಳವೊಂದು ನಿಮಿಷಕ್ಕೆ ನೂರಮೂವತ್ತರ ಸುಮಾರಿಗೆ ಸಮನಾಗಿ ಬಡಿಯುತ್ತ ಹೋಗುತ್ತದೆ. ಅದರ ಮೇಲೆ ಸ್ವರಗಳು ಮೆಲ್ಲಮೆಲ್ಲನೆ ಬಣ್ಣ ಬದಲಾಯಿಸುತ್ತವೆ. ಮುಂಬಯಿಯ ವಾಚಕರು ಒಂದು ಸಂಗತಿಯನ್ನು ತಿಳಿದಿರಬೇಕು. ಹಿಂದಿ ಚಿತ್ರಗಳ ವಾದ್ಯಗಾರರಾಗಿದ್ದ ಚರಣಜಿತ್ ಸಿಂಗ್ ಅವರು ೧೯೮೨ರಲ್ಲಿಯೇ ಜಪಾನಿನ ರೋಲಂಡ್ ಕಂಪೆನಿಯ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ಹೊರಡಿಸಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. ೨೦೧೦ರಲ್ಲಿ ಅದು ಮತ್ತೆ ಅಚ್ಚಾದಾಗ ಯೂರೋಪಿನ ರಸಿಕರು ಮೂಗಿನ ಮೇಲೆ ಬೆರಳಿಟ್ಟರು.

ಡೆಟ್ರಾಯಿಟಿನ ಕೂಸು ಬರ್ಲಿನ್ನಿನಲ್ಲಿ ಬೆಳೆದುದಕ್ಕೆ ಚರಿತ್ರೆಯೇ ಕಾರಣ. ೧೯೮೯ರ ನವೆಂಬರ್ ೯ರಂದು ನಗರವನ್ನು ಸೀಳಿದ್ದ ಗೋಡೆ ತೆರೆಯಿತು. ಪೂರ್ವಭಾಗದಲ್ಲಿ ಕಾರ್ಖಾನೆ, ಉಗ್ರಾಣ, ನೆಲಮಾಳಿಗೆಗಳು ಹಾಳು ಸುರಿಯುತ್ತಿದ್ದವು. ಅವುಗಳ ಒಡೆಯರು ಯಾರೆಂಬುದೇ ಎಷ್ಟೋ ಕಡೆ ಇತ್ಯರ್ಥವಾಗಿರಲಿಲ್ಲ. ಎರಡೂ ಕಡೆಯ ಹುಡುಗರು ದೀಪ ಹಿಡಿದು ಒಳನುಗ್ಗಿದರು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಕಾಣದೆ ಬೆಳೆದವರು ಒಂದೇ ಕತ್ತಲೆಯಲ್ಲಿ ಕುಣಿದರು. ಈ ಸಂಗೀತದಲ್ಲಿ ಮಾತಿಲ್ಲದಿರುವುದೂ ಅಂದು ಅನುಕೂಲವೇ ಆಗಿರಬೇಕು.

ಅಂಥ ಒಂದು ಸ್ಥಳದ ಕಥೆಯನ್ನು ಹೇಳಿದರೆ ಮಿಕ್ಕವುಗಳ ಕಥೆ ತಿಳಿಯುತ್ತದೆ. ಲೈಪ್‌ಜಿಗ್ ಚೌಕದ ಬಳಿ ವೆರ್ಟ್‌ಹೈಮ್ ಎಂಬ ಯೆಹೂದಿ ಕುಟುಂಬದ ಭಾರಿ ಅಂಗಡಿಯಿತ್ತು. ನಾಜಿಗಳ ಕಾಲದಲ್ಲಿ ಅದು ಆ ಕುಟುಂಬದ ಕೈತಪ್ಪಿತು. ಯುದ್ಧದಲ್ಲಿ ಬಾಂಬು ಬಿದ್ದು ಕಟ್ಟಡ ಹಾಳಾಯಿತು. ಅಳಿದುಳಿದುದನ್ನೂ ಆಮೇಲೆ ಕೆಡವಿದರು. ನೆಲದಡಿಯ ಭದ್ರಕೋಣೆ ಮಾತ್ರ ಗಡಿಯ ಪಕ್ಕದ ಬಯಲಿನಲ್ಲಿ ಮರೆತುಹೋಗಿ ಉಳಿಯಿತು. ೧೯೯೧ರ ಮಾರ್ಚಿಯಲ್ಲಿ ಡಿಮಿಟ್ರಿ ಹೇಗೆಮಾನ್ ಮತ್ತು ಗೆಳೆಯರು ಅದೇ ಕೋಣೆಯಲ್ಲಿ, ತುಕ್ಕು ಹಿಡಿದ ಖಾನೆಗಳ ನಡುವೆ, ‘ಟ್ರೆಸರ್’ ಎಂಬ ನೃತ್ಯಶಾಲೆಯನ್ನು ತೆರೆದರು. ಆ ಮಾತಿಗೆ ಜರ್ಮನಿನಲ್ಲಿ ತಿಜೋರಿ ಎಂದೇ ಅರ್ಥ. ಹದಿನಾಲ್ಕು ವರ್ಷ ನಡೆದ ಮೇಲೆ ನೆಲಕ್ಕೆ ಬೆಲೆ ಬಂದು, ೨೦೦೫ರಲ್ಲಿ ಅದನ್ನು ತೆರವು ಮಾಡಬೇಕಾಯಿತು. ಅಂದಿನ ಆ ವೆರ್ಟ್‌ಹೈಮ್ ನಿವೇಶನದಲ್ಲಿ ೨೦೧೪ರಿಂದ ಮತ್ತೊಂದು ಭಾರಿ ಅಂಗಡಿ ಸಮುಚ್ಚಯ ನಿಂತಿದೆ. ಟ್ರೆಸರ್ ೨೦೦೭ರಲ್ಲಿ ಕೋಪೆನಿಕರ್ ಬೀದಿಯ ಹಳೆಯ ವಿದ್ಯುತ್ ಸ್ಥಾವರದ ಅಡಿಗೆ ಹೋಗಿ ಸೇರಿತು. ಹಳೆಯ ಖಾನೆಗಳನ್ನೂ ಜೊತೆಗೇ ಒಯ್ದಿತು. ಮನೆ ಬದಲಾಯಿಸುವಾಗ ದೇವರ ಪೆಟ್ಟಿಗೆಯನ್ನು ಮೊದಲು ಎತ್ತಿಕೊಳ್ಳುವ ನಮಗೆ ಇದು ಅರ್ಥವಾಗದ ಮಾತಲ್ಲ.

ಇನ್ನು ಹುಡುಕುವ ಬಗೆ. ದೊಡ್ಡ ಹೆಸರಿನವು ಎಲ್ಲರಿಗೂ ಗೊತ್ತು. ಓಸ್ಟ್‌ಬಾನ್‌ಹೋಫ್ ರೈಲುನಿಲ್ದಾಣದ ಸಮೀಪದ ಬೆರ್ಗ್‌ಹೈನ್ ೨೦೦೪ರಿಂದ ಇನ್ನೊಂದು ಹಳೆಯ ವಿದ್ಯುತ್ ಸ್ಥಾವರದಲ್ಲಿದೆ. ಅದರ ಮುಂದಿನ ಸಾಲು ತಿರುಪತಿಯ ಸಾಲನ್ನು ನೆನಪಿಗೆ ತರುವಂಥದು. ಸಣ್ಣವುಗಳನ್ನು ಅರಸುವವರು ಧ್ವನಿಮುದ್ರಿಕೆಗಳ ಅಂಗಡಿಗಳಿಗೆ ಹೋಗಬೇಕು. ಮೇಜಿನ ಮೇಲೆ ಕರಪತ್ರಗಳಿರುತ್ತವೆ. ಅಂಗಡಿಯವರು ಗಿರಾಕಿಯ ಅಭಿರುಚಿಯನ್ನು ಕೇಳಿ ದಾರಿ ಹೇಳುತ್ತಾರೆ. ನಮಗೆ ಅಂಥವರೊಬ್ಬರು ಎರಡು ವಿಳಾಸಗಳನ್ನು ಬರೆದುಕೊಟ್ಟರು. ಶುಕ್ರ ಶನಿವಾರಗಳ ರಾತ್ರಿ ನೆಲದಡಿಯ ರೈಲು ಬೆಳತನಕ ಓಡುವುದರಿಂದ ಹೋಗಿಬರುವ ಚಿಂತೆಯಿರಲಿಲ್ಲ.

ಮೊದಲನೆಯ ವಿಳಾಸದಲ್ಲಿ ಚಳಿಗೆ ಮುಕ್ಕಾಲು ಗಂಟೆ ನಿಂತೆವು. ಬಾಗಿಲಲ್ಲಿದ್ದ ಜಯವಿಜಯರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವತ್ತು ಆಗುವುದಿಲ್ಲ” ಎಂದು ಸೌಜನ್ಯದಿಂದಲೇ ಹೇಳಿದರು. ಕಾರಣ ಹೇಳುವ ಪದ್ಧತಿ ಅಲ್ಲಿಲ್ಲ. ನಮ್ಮ ಮನೆಯವರಿಗೆ ಸಿಟ್ಟು ಬಂತು. “ದುಡ್ಡು ಕೊಡುವವರನ್ನೂ ಬೇಡವೆನ್ನುತ್ತಾರಲ್ಲ, ಇದೆಂಥ ವ್ಯಾಪಾರ!” ಎಂದರು. ಆದರೆ ಅದು ಬರಿಯ ವ್ಯಾಪಾರವಲ್ಲವೆಂಬುದೇ ಅಲ್ಲಿಯವರ ವಾದ. ಹೊರಗೆ ತಮ್ಮ ನಡೆನುಡಿಗಾಗಿ ನಗೆಗೀಡಾಗುವವರು ಒಳಗೆ ಅಂಜದೆ ಇರಬೇಕು. ಗುಂಪುಗಟ್ಟಿ ಬಂದು ಅವರನ್ನು ಮೃಗಾಲಯದ ಪ್ರಾಣಿಗಳಂತೆ ನೋಡುವವರನ್ನು ತಡೆಯಲೇಬೇಕು ಎಂದು ಅವರೆನ್ನುತ್ತಾರೆ. ಈ ಜರಡಿಯಲ್ಲಿ ಅನ್ಯಾಯವೂ ಆಗುತ್ತದೆಂಬ ದೂರು ಇದ್ದೇ ಇದೆ.

ಮರುದಿನದ ನೆಲಮಾಳಿಗೆಯಲ್ಲಿ ಪಾಸ್‌ಪೋರ್ಟ್ ನೋಡಿ, ನಮ್ಮ ಫೋನುಗಳ ಕ್ಯಾಮೆರಾದ ಮೇಲೆ ಚೀಟಿ ಅಂಟಿಸಿ ಒಳಗೆ ಬಿಟ್ಟರು. ಮೆಟ್ಟಿಲಿಳಿದಂತೆ ಶಬ್ದವು ಕಿವಿಗಿಂತ ಮೊದಲು ಪಕ್ಕೆಲುಬುಗಳಿಗೆ ತಾಕಿತು. ಕಿವಿಗೆ ತುರುಕಿಕೊಳ್ಳುವ ಬಿರಡೆಗಳನ್ನು ಕೊಂಡೆವು, ಅದು ಅಗತ್ಯ. ಹೊಗೆಯಂಥ ಮಂಜು, ಒಂದೆರಡು ಕೆಂಪು ದೀಪ. ನೋಡಬೇಕಾದ ರಂಗವೇ ಇಲ್ಲ. ಯಾರೂ ಯಾರ ಕೈಯನ್ನೂ ಹಿಡಿದಿರಲಿಲ್ಲ. ಒಬ್ಬೊಬ್ಬರೂ ಒಂಟಿಯಾಗಿ, ಆದರೆ ಎಲ್ಲರೂ ಒಂದೇ ತಾಳಕ್ಕೆ ಕುಣಿಯುತ್ತಿದ್ದರು. ಬಯಲಾಟದ ಚೆಂಡೆ ನಡುರಾತ್ರಿ ಕಳೆದ ಮೇಲೆ ಮೈಗೇರುವುದನ್ನು ಬಲ್ಲ ಕರಾವಳಿಯವರಿಗೆ ಆ ಸ್ಥಿತಿಯನ್ನು ವಿವರಿಸಬೇಕಿಲ್ಲ. ನರೆತ ತಲೆ ನಮ್ಮದೊಂದೇ ಇದ್ದೀತೆಂದು ಅಳುಕಿತ್ತು, ಹಾಗೇನೂ ಇರಲಿಲ್ಲ. ೧೯೯೧ರಲ್ಲಿ ಇಪ್ಪತ್ತರ ಹರೆಯದವರಿಗೆ ಈಗ ಐವತ್ತು ದಾಟಿದೆಯಷ್ಟೆ. ಒಬ್ಬ ಹುಡುಗಿ ಗೋಡೆಗೊರಗಿ ಕುಳಿತಾಗ ಅಲ್ಲಿನ ಮೇಲ್ವಿಚಾರಕಿ ನೀರು ತಂದುಕೊಟ್ಟು ಬಹಳ ಹೊತ್ತು ಜೊತೆಗಿದ್ದರು. ಮಾದಕ ದ್ರವ್ಯಗಳ ಉಪದ್ರವ ಇಂಥ ರಾತ್ರಿಗಳಲ್ಲಿ ಇಲ್ಲವೆಂದು ಬರೆದರೆ ಸುಳ್ಳಾದೀತು. ಮಕ್ಕಳೊಡನೆ ಅದನ್ನು ಬಾಯಿಬಿಟ್ಟು ಮಾತಾಡುವುದೇ ಮೇಲು.

ಜರ್ಮನ್ ಸರ್ಕಾರಕ್ಕೆ ಈ ರಾತ್ರಿಗಳ ಬೆಲೆ ತಿಳಿಯದೆ ಇಲ್ಲ. ೨೦೧೬ರಲ್ಲಿ ನ್ಯಾಯಾಲಯವೊಂದು ಬೆರ್ಗ್‌ಹೈನಿನ ರಾತ್ರಿಗಳು ಸಂಗೀತ ಕಚೇರಿಗೆ ಸಮಾನವೆಂದು ಒಪ್ಪಿ ಕಡಿಮೆ ತೆರಿಗೆಯನ್ನು ವಿಧಿಸಿತು. ೨೦೨೪ರ ಮಾರ್ಚಿಯಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿ ಆ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಪಟ್ಟಿಯಿಂದ ಬಾಡಿಗೆ ಕಟ್ಟಲಾಗದು. ೨೦೦೨ರಲ್ಲಿ ತೆರೆದಿದ್ದ ಹೊಳೆದಂಡೆಯ ವಾಟರ್‌ಗೇಟ್ ೨೦೨೪ರ ಕೊನೆಗೆ ಮುಚ್ಚಿತು. ಯಾರಿಗೂ ಬೇಡದ ಜಾಗದಲ್ಲಿ ಹುಟ್ಟಿದ ಸಂಗೀತ ನಗರಕ್ಕೆ ಹೆಸರು ತಂದಿತು, ಹೆಸರು ಪ್ರವಾಸಿಗರನ್ನು ತಂದಿತು, ಜನ ಬಂದಲ್ಲಿ ನೆಲದ ಬೆಲೆ ಏರಿತು. ಈಗ ಅದೇ ಬೆಲೆ ಸಂಗೀತವನ್ನು ಹೊರದೂಡುತ್ತಿದೆ. ಮುಂಬಯಿಯ ಗಿರಣಿಗಳಿದ್ದಲ್ಲಿ ಗಾಜಿನ ಗೋಪುರಗಳೆದ್ದುದನ್ನು ಕಂಡವರು, ಸಂಘದ ನಾಟಕದ ತಾಲೀಮಿಗೆ ಬಾಡಿಗೆಯ ಕೋಣೆಯಿಂದ ಕೋಣೆಗೆ ಅಲೆದವರು ಈ ಮಾತಿಗೆ ತಲೆದೂಗಿಯಾರು. ಪರ ಊರಿನಲ್ಲಿ ವಾರಕ್ಕೊಮ್ಮೆ ನಮ್ಮವರೆನ್ನಿಸುವ ನಾಲ್ಕು ಗೋಡೆಗಳಿಗೆ ಎಷ್ಟು ಬೆಲೆಯೆಂಬುದು ವಲಸೆ ಬಂದವರಿಗಲ್ಲದೆ ಇನ್ನಾರಿಗೆ ಗೊತ್ತು?

ಆದುದರಿಂದ ಹೋಗುವವರು ನೆಂಟರ ಮನೆಗೆ ಹೋದಂತೆ ಹೋಗಬೇಕು. ಗುಂಪು ಕಟ್ಟಬಾರದು, ಅಂದು ನುಡಿಸುವವರ ಹೆಸರನ್ನಾದರೂ ತಿಳಿದಿರಬೇಕು, ಚಿತ್ರ ತೆಗೆಯಬಾರದು, ಬೇಡವೆಂದರೆ ಚರ್ಚಿಸದೆ ಹಿಂತಿರುಗಬೇಕು. ದೊಡ್ಡ ಹೆಸರನ್ನು ಬಿಟ್ಟು ಸಣ್ಣ ನೆಲಮಾಳಿಗೆಗೆ ಕೊಟ್ಟ ಪ್ರವೇಶದ ಹಣ ಅದರ ಮುಂದಿನ ತಿಂಗಳ ಬಾಡಿಗೆಗೆ ಆಗುತ್ತದೆ. ರಾತ್ರಿ ನಿದ್ದೆಗೆಡಲಾರದ ಹಿರಿಯರಿಗೂ ಅವಕಾಶವಿದೆ. ಕೆಲವೆಡೆ ಶನಿವಾರ ತೊಡಗಿದ ಕುಣಿತ ಭಾನುವಾರ ಮಧ್ಯಾಹ್ನವೂ ನಿಂತಿರುವುದಿಲ್ಲ. ಊಟ ಮುಗಿಸಿಕೊಂಡೇ ಹೋಗಬಹುದು.